ರಚ್ಚಬಂಡದ ಮರ್ಯಾದೆ

ಕೆಲವು ಶಬ್ದಗಳ ಬಾಳು ಮನುಷ್ಯರ ಬಾಳಿನಂತೆಯೇ ಏರಿಳಿತಗಳಿಂದ ಕೂಡಿರುತ್ತದೆ. ತೆಲುಗಿನ ‘ರಚ್ಚ’ ಅಂಥದೊಂದು ಶಬ್ದ. ಹತ್ತು ಜನ ಕೂಡುವ ತಾಣ, ಸಭೆ, ಎಂಬುದು ಅದರ ಹಳೆಯ ಅರ್ಥ. ಊರ ನಡುವೆ ಮರದ ನೆರಳಿನಲ್ಲಿ ಜನರು ಕುಳಿತು ಮಾತನಾಡುವ ಬಂಡೆಗೆ ‘ರಚ್ಚಬಂಡ’ ಎಂದು ಹೆಸರು. ನಮ್ಮ ಅರಳಿಕಟ್ಟೆಯ ತೆಲುಗು ಸೋದರ ಅದು. ವ್ಯಾಜ್ಯದ ತೀರ್ಪು, ಮಳೆಬೆಳೆಯ ಚರ್ಚೆ, ಪುರಾಣದ ಪದ್ಯ, ಪರಿಹಾಸ್ಯ, ಎಲ್ಲಕ್ಕೂ ಅಲ್ಲಿ ಎಡೆಯಿತ್ತು. ಇದೇ ‘ರಚ್ಚ’ ಇಂದಿನ ತೆಲುಗು ತರುಣರ ಬಾಯಲ್ಲಿ ರಂಪ, ಗದ್ದಲ ಎಂಬ ಅರ್ಥವನ್ನು ತಾಳಿದೆ. 2012ರಲ್ಲಿ ಈ ಹೆಸರಿನದೇ ಒಂದು ಚಲನಚಿತ್ರವೂ ಬಂದಿತು. ಕನ್ನಡದ ‘ರಚ್ಚೆ’ಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ಜನ ಸೇರುವ ಕಟ್ಟೆಯೆಂಬ ಅರ್ಥವನ್ನು ನಿಘಂಟಿಗೆ ಬಿಟ್ಟುಕೊಟ್ಟು, ಮಕ್ಕಳ ಹಟದ ಅಳುವಿನಲ್ಲಿ ಅದು ಉಳಿದುಕೊಂಡಿದೆ. ಸಭೆಯೆಂಬ ಮಾತು ಸಾವಕಾಶವಾಗಿ ಗಲಭೆಯೆಂಬ ಮಾತಾಗಿ ತಿರುಗಿತೆಂದರೆ, ಸಭೆಗಳನ್ನು ಕಂಡ ಜನರ ಅನುಭವವೇ ಅದರಲ್ಲಿ ಹೆಪ್ಪುಗಟ್ಟಿದೆಯೆನ್ನಬೇಕು.

ಈ ಅರ್ಥಪಲ್ಲಟವನ್ನು ಭಾಷಾಶಾಸ್ತ್ರದ ಕುತೂಹಲವೆಂದು ಬದಿಗಿಡುವ ಹಾಗಿಲ್ಲ. 2003ರ ಡಿಸೆಂಬರಿನಲ್ಲಿ ತೆಲುಗು ವಿಕಿಪೀಡಿಯಾ ಆರಂಭವಾದ ಮೇಲೆ, ಅದನ್ನು ಕಟ್ಟುವವರು ತಮ್ಮೊಳಗಿನ ಸಮಾಲೋಚನೆಯ ಪುಟಕ್ಕೆ ಇಟ್ಟುಕೊಂಡ ಹೆಸರು ‘ರಚ್ಚಬಂಡ’ ಎಂಬುದೇ. ಅಂತರ್ಜಾಲದಲ್ಲಿ ಸೇರುವ ತೆಲುಗರು ಹಳೆಯ ಕಟ್ಟೆಯನ್ನು ಮರೆತಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಹೊಸ ಕಟ್ಟೆಗಳಲ್ಲಿ ಎರಡು ಅರ್ಥಗಳೂ ಒಟ್ಟಿಗೆ ಬಾಳುತ್ತಿವೆ. ಒಂದು ಗಳಿಗೆ ಅಲ್ಲಿ ಪೋತನನ ಪದ್ಯದ ಸೊಬಗಿನ ಮಾತು ನಡೆದಿರುತ್ತದೆ. ಮರುಗಳಿಗೆಗೆ ಯಾರದೋ ಜಾತಿ, ಯಾರದೋ ಜಿಲ್ಲೆ, ಯಾರದೋ ತಾಯಿ ಬೀದಿಗೆ ಬಂದಿರುತ್ತಾರೆ. ಚರ್ಚೆ ಜೀವಂತವಾಗಿಯೂ ಇರಬೇಕು, ಸಭ್ಯವಾಗಿಯೂ ಇರಬೇಕು. ಈ ಎರಡನ್ನು ಒಂದೇ ಚಾವಡಿಯಲ್ಲಿ ಕೂರಿಸುವುದು ಹೇಗೆ? ಎಂಟು ಕೋಟಿ ಜನರ ನೆರೆಭಾಷೆಯೊಂದು ಇಂದು ಎದುರಿಸುತ್ತಿರುವ ಈ ಪ್ರಶ್ನೆಯನ್ನು ಕನ್ನಡದ ಓದುಗರು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ.

ಕನ್ನಡ ಪಾಠ ಹೇಳುವವನಿಗೆ ತೆಲುಗಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಕುರಿಕ್ಯಾಲದ ಬೆಟ್ಟದಲ್ಲಿ ಕೆತ್ತಿಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಆ ಊರು ಇಂದು ತೆಲಂಗಾಣದ ಕರೀಂನಗರ ಸೀಮೆಯಲ್ಲಿದೆ. ಕನ್ನಡದ ಆದಿಕವಿಯ ಮನೆಯಲ್ಲಿಯೇ ತೆಲುಗಿನ ಕಂದಪದ್ಯಗಳು ಹುಟ್ಟಿದ್ದುವೆಂದ ಮೇಲೆ ಗೊಡವೆಯ ಪ್ರಶ್ನೆ ಉಳಿಯುವುದಿಲ್ಲ. ಇನ್ನು ಇತ್ತೀಚಿನ ಮಾತು: ಬಳ್ಳಾರಿ, ರಾಯಚೂರು, ಕೋಲಾರ, ಬೆಂಗಳೂರುಗಳ ತರಗತಿಗಳಲ್ಲಿ ಮನೆಯಲ್ಲಿ ತೆಲುಗಾಡುವ ವಿದ್ಯಾರ್ಥಿಗಳಿಲ್ಲದ ಬೆಂಚು ವಿರಳ. ಅವರ ಕೈಯ ಫೋನಿನಲ್ಲಿ ನಡೆಯುವ ತೆಲುಗು ಜಗಳ ಬೆಳಗಾಗುವುದರೊಳಗೆ ಕನ್ನಡಕ್ಕೂ ಅನುವಾದಗೊಂಡಿರುತ್ತದೆ.

ಮೊದಲು ಇತಿಹಾಸದ ಕಡೆಗೆ ತಿರುಗೋಣ. ಇಂದಿನ ತೆಲುಗು ಚರ್ಚೆ ಹದಗೆಟ್ಟಿದೆ, ಹಿಂದೆ ಎಲ್ಲವೂ ಸರಸವಾಗಿತ್ತು ಎಂಬ ಹಳಹಳಿಕೆ ಸತ್ಯಕ್ಕೆ ದೂರ. ತೆಲುಗು ವಾಙ್ಮಯದ ಆಧುನಿಕ ಯುಗ ಹುಟ್ಟಿದ್ದೇ ವಾದದ ನಡುವೆ. 1874ರಲ್ಲಿ ಕಂದುಕೂರಿ ವೀರೇಶಲಿಂಗಂ ಪಂತುಲು ‘ವಿವೇಕವರ್ಧನಿ’ಯನ್ನು ಹೊರಡಿಸಿದರು. ಸಂಪ್ರದಾಯಪಕ್ಷದ ಕೊಕ್ಕೊಂಡ ವೆಂಕಟರತ್ನಂ ಪಂತುಲು ಅವರದು ‘ಆಂಧ್ರಭಾಷಾ ಸಂಜೀವನಿ’. ಇಬ್ಬರಿಗೂ ಆಗದು. ಇಬ್ಬರೂ ತಮ್ಮ ಪತ್ರಿಕೆಗಳ ಜೊತೆಗೆ ಪರಿಹಾಸ್ಯಕ್ಕೆಂದು ಒಂದೊಂದು ಪತ್ರಿಕೆ ತಂದರು. ಕೊಕ್ಕೊಂಡ ಅವರದಕ್ಕೆ ‘ಹಾಸ್ಯವರ್ಧನಿ’ ಎಂದು ಹೆಸರು, ವೀರೇಶಲಿಂಗಂ ಅವರದಕ್ಕೆ ‘ಹಾಸ್ಯಸಂಜೀವನಿ’ ಎಂದು. ಒಬ್ಬರ ಹೆಸರಿನ ಬಾಲವನ್ನು ಇನ್ನೊಬ್ಬರು ಹಿಡಿದು ಜಗ್ಗಿದ ಈ ಚೇಷ್ಟೆಯನ್ನು ನೋಡಿದರೆ ನಗು ಬರುತ್ತದೆ. ಜಗಳ ನಿಜವಾದುದೇ, ವಿಧವಾವಿವಾಹದಂಥ ಜೀವನ್ಮರಣದ ವಿಷಯವೇ ಅದರ ಹಿಂದೆ ಇತ್ತು. 1881ರ ಡಿಸೆಂಬರಿನಲ್ಲಿ ರಾಜಮಹೇಂದ್ರಿಯಲ್ಲಿ ವೀರೇಶಲಿಂಗಂ ಮೊದಲ ವಿಧವಾವಿವಾಹವನ್ನು ನಡೆಸಿದಾಗ ಊರೇ ಅವರ ಮೇಲೆ ತಿರುಗಿಬಿದ್ದಿತು. ಆದರೂ ಹಾಸ್ಯಕ್ಕೆ ಹಾಸ್ಯ, ಲೇಖನಕ್ಕೆ ಲೇಖನ ಎಂಬ ಪರಸ್ಪರತೆ ಅಲ್ಲಿ ಉಳಿದಿತ್ತು.

ನಮ್ಮ ಬಳ್ಳಾರಿಯಲ್ಲಿಯೂ ಇಂಥದೊಂದು ಸ್ಪರ್ಧೆ ನಡೆಯಿತು. ಅದು ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ ಧರ್ಮವರಂ ರಾಮಕೃಷ್ಣಾಚಾರ್ಯರ ‘ಸರಸವಿನೋದಿನಿ ಸಭೆ’ಯೂ ಕೋಲಾಚಲಂ ಶ್ರೀನಿವಾಸರಾಯರ ‘ಸುಮನೋರಮಾ ಸಭೆ’ಯೂ ತೆಲುಗು ನಾಟಕರಂಗದಲ್ಲಿ ಪೈಪೋಟಿ ನಡೆಸಿದುವು. ಒಂದೇ ಊರಿನ ಎರಡು ಸಭೆಗಳ ಹೊಟ್ಟೆಕಿಚ್ಚು ತೆಲುಗಿಗೆ ಲಾಭವಾಗಿಯೇ ಪರಿಣಮಿಸಿತು. ಬಳ್ಳಾರಿ ರಾಘವರಂಥ ಮಹಾನಟರು ಬೆಳೆದದ್ದು ಈ ಗಾಳಿಯಲ್ಲಿಯೇ. ಪ್ರತಿಪಕ್ಷವನ್ನು ಮೀರಿಸಬೇಕೆಂಬ ಛಲ ಕೃತಿಯ ಕಡೆಗೆ ಹರಿದಾಗ ಸ್ಪರ್ಧೆ ಫಲ ಕೊಡುತ್ತದೆ. ಅದೇ ಛಲ ವ್ಯಕ್ತಿಯ ಕಡೆಗೆ ಹರಿದರೆ ಕೆಸರು ಮಾತ್ರ ಉಳಿಯುತ್ತದೆ.

ಇನ್ನು ಎಲ್ಲಕ್ಕಿಂತ ದೊಡ್ಡ ವಾದ, ಗ್ರಾಂಥಿಕ ಮತ್ತು ವ್ಯಾವಹಾರಿಕ ಭಾಷೆಗಳದು. ಶಾಲೆ ಕಾಲೇಜುಗಳ ಪ್ರಬಂಧಗಳಲ್ಲಿ ವಿದ್ಯಾರ್ಥಿ ಯಾವ ತೆಲುಗನ್ನು ಬರೆಯಬೇಕು? ಪರವಸ್ತು ಚಿನ್ನಯಸೂರಿಯ ‘ಬಾಲವ್ಯಾಕರಣ’ ಒಪ್ಪುವ ಗ್ರಂಥಭಾಷೆಯನ್ನೇ? ಶಿಷ್ಟರು ಆಡುವ ಬಳಕೆಯ ಭಾಷೆಯನ್ನೇ? ಗಿಡುಗು ರಾಮಮೂರ್ತಿ ಪಂತುಲು ಮತ್ತು ಗುರಜಾಡ ಅಪ್ಪಾರಾವ್ ಎರಡನೆಯ ಪಕ್ಷದವರು. ಜಯಂತಿ ರಾಮಯ್ಯ ಪಂತುಲು ಮೊದಲನೆಯ ಪಕ್ಷದ ಮುಂದಾಳು. 1911ರಲ್ಲಿ ಹುಟ್ಟಿದ ಆಂಧ್ರ ಸಾಹಿತ್ಯ ಪರಿಷತ್ತು ಅವರ ಬೆನ್ನಿಗಿತ್ತು. ಅದೇ 1911ರಲ್ಲಿ ಬಿ.ಎಂ.ಶ್ರೀಯವರು ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರೆಂಬುದನ್ನು ನೆನೆದರೆ, ಎರಡು ಭಾಷೆಗಳಿಗೂ ಒಂದೇ ಹೊತ್ತಿಗೆ ಎಚ್ಚರವಾಯಿತೆಂದು ತೋರುತ್ತದೆ. ಆದರೆ ನಮ್ಮಲ್ಲಿ ಅದು ಬಹುಮಟ್ಟಿಗೆ ಮೆಲುದನಿಯಲ್ಲಿ ಸಾಗಿತು. ತೆಲುಗಿನಲ್ಲಿ ಮಹಾಯುದ್ಧವೇ ಆಯಿತು.

ಆ ವಾದ ಮೃದುವಾಗಿತ್ತೆಂದು ಯಾರೂ ತಿಳಿಯಬಾರದು. ಪಂಡಿತರು ಶುದ್ಧವೆಂದು ಹೊಗಳಿಕೊಂಡ ಅವರ ಗದ್ಯದಿಂದಲೇ ತಪ್ಪುಗಳನ್ನು ಹೆಕ್ಕಿ ಗಿಡುಗು ಸಭೆಯ ಮುಂದೆ ಹರಡಿದರು. ಪಂಡಿತರನ್ನು ಭಾಷೆಗೆ ಮದ್ದು ಕೊಡುವ ವೈದ್ಯರೆಂದು ಗೇಲಿ ಮಾಡುವ ಹೆಸರಿನ ಪುಸ್ತಕವನ್ನೂ ಬರೆದರು. ಇಷ್ಟಾದರೂ ಆ ವಾದದಿಂದ ನಾಡಿಗೆ ನಷ್ಟವಾಗಲಿಲ್ಲ. ಕಾರಣಗಳನ್ನು ಹುಡುಕಿದರೆ ನಾಲ್ಕು ಕಾಣುತ್ತವೆ. ಮೊದಲನೆಯದು, ಪ್ರಶ್ನೆ ಸ್ಪಷ್ಟವಾಗಿತ್ತು. ಎರಡನೆಯದು, ಎರಡು ಪಕ್ಷಗಳೂ ಶಾಸನ, ಪ್ರಾಚೀನ ಕೃತಿ, ವ್ಯಾಕರಣಗಳಿಂದ ಆಧಾರ ತೋರಿಸಬೇಕಾಗಿತ್ತು. ಬರಿಯ ಬೈಗುಳಕ್ಕೆ ಬೆಲೆಯಿರಲಿಲ್ಲ. ಮೂರನೆಯದು, ಸೋತವರ ಮಾತಿಗೂ ದಾಖಲೆಯಲ್ಲಿ ಜಾಗವಿತ್ತು. 1914ರಲ್ಲಿ ಗುರಜಾಡ ಮದ್ರಾಸು ವಿಶ್ವವಿದ್ಯಾಲಯಕ್ಕೆ ತಮ್ಮ ಅಸಮ್ಮತಿಪತ್ರವನ್ನು ಸಲ್ಲಿಸಿದರು. ಆ ಹೊತ್ತಿಗೆ ಗೆದ್ದದ್ದು ಗ್ರಾಂಥಿಕ ಪಕ್ಷವೇ. ಮರುವರ್ಷ ಗುರಜಾಡ ತೀರಿಕೊಂಡರು. ಆದರೆ ಸೋತ ಆ ಪತ್ರ ಉಳಿಯಿತು, ಮುಂದಿನ ತಲೆಮಾರಿನ ಕೈಪಿಡಿಯಾಯಿತು. ನಾಲ್ಕನೆಯದು, ಮನಸ್ಸು ಬದಲಾಯಿಸಲು ಅವಕಾಶವಿತ್ತು. ಗ್ರಂಥಭಾಷೆಯಲ್ಲಿ ಬರೆದು ಹೆಸರಾದ ವೀರೇಶಲಿಂಗಂ 1919ರಲ್ಲಿ, ತಮ್ಮ ಬಾಳಿನ ಕಡೆಯ ತಿಂಗಳುಗಳಲ್ಲಿ, ವ್ಯಾವಹಾರಿಕ ಭಾಷೆಯ ಪ್ರಚಾರಕ್ಕಾಗಿ ಹುಟ್ಟಿದ ಸಮಾಜದ ಅಧ್ಯಕ್ಷರಾಗಲು ಒಪ್ಪಿದರು; ಗಿಡುಗು ಅದರ ಕಾರ್ಯದರ್ಶಿ. ಎಪ್ಪತ್ತರ ವೃದ್ಧರೊಬ್ಬರು ಪಕ್ಷ ಬದಲಿಸಿದಾಗ ಅವರ ಹಳೆಯ ಬರಹಗಳನ್ನೆತ್ತಿ ಅವರ ಮುಖಕ್ಕೆ ಹಿಡಿಯುವುದೇ ವಾದವೆಂದು ಎಲ್ಲರೂ ಭಾವಿಸಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಇನ್ನು ಕೊನೆಯಲ್ಲಿ ಸೋತ ಜಯಂತಿ ರಾಮಯ್ಯನವರು? ‘ಸೂರ್ಯರಾಯಾಂಧ್ರ ನಿಘಂಟು’ವಿನಂಥ ಮಹಾಕಾರ್ಯಕ್ಕೆ ಸಂಪಾದಕರಾಗಿ ಅವರು ದುಡಿದರು. ಗೆದ್ದವರಿಗೂ ಸೋತವರಿಗೂ ಇಂದು ಆ ನಿಘಂಟು ಬೇಕು.

ಹಾಗೆಂದು ಈ ಗೆಲುವು ನಿಷ್ಕಳಂಕವಲ್ಲ. ಬಳಕೆಯ ಭಾಷೆ ಗೆದ್ದಿತು, ಸರಿ. ಆದರೆ ಯಾರ ಬಳಕೆಯ ಭಾಷೆ? ಪತ್ರಿಕೆ, ಪಠ್ಯ, ಚಲನಚಿತ್ರಗಳಲ್ಲಿ ಕ್ರಮೇಣ ನೆಲೆಗೊಂಡದ್ದು ಹೆಚ್ಚಾಗಿ ಕೃಷ್ಣಾ ಗೋದಾವರಿ ಬಯಲಿನ ವಿದ್ಯಾವಂತರ ಮಾತು. ತೆಲಂಗಾಣದ, ರಾಯಲಸೀಮೆಯ, ಉತ್ತರಾಂಧ್ರದ ಮಾತುಗಳು ಅಂಗಳದಲ್ಲಿಯೇ ನಿಂತುವು. ತೆರೆಯ ಮೇಲೆ ತಮ್ಮ ಮಾತು ಖಳನಿಗೋ ವಿದೂಷಕನಿಗೋ ಮೀಸಲಾಗಿದೆಯೆಂದು ತೆಲಂಗಾಣದವರು ದಶಕಗಳ ಕಾಲ ನೊಂದುಕೊಂಡರು. 1956ರ ನವೆಂಬರ್ 1ರಂದು ಒಂದಾದ ಎರಡು ಸೀಮೆಗಳು 2014ರ ಜೂನ್ 2ರಂದು ಬೇರೆಯಾಗಲು ನೀರು, ನೌಕರಿ, ನಿಧಿಗಳು ಕಾರಣವಾದದ್ದು ನಿಜ. ಅವುಗಳ ಜೊತೆಗೆ ನುಡಿಯ ಅವಮಾನವೂ ಸೇರಿತ್ತು. ಆಂಧ್ರಪ್ರದೇಶದಲ್ಲಿ ಗಿಡುಗು ಹುಟ್ಟಿದ ಆಗಸ್ಟ್ 29 ತೆಲುಗು ಭಾಷಾದಿನ. ತೆಲಂಗಾಣದಲ್ಲಿ ಕಾಳೋಜಿ ನಾರಾಯಣರಾವ್ ಹುಟ್ಟಿದ ಸೆಪ್ಟೆಂಬರ್ 9 ಭಾಷಾದಿನ. ಹನ್ನೊಂದು ದಿನಗಳ ಅಂತರದಲ್ಲಿ ಒಂದು ನುಡಿಗೆ ಎರಡು ಹಬ್ಬ. ಹಬ್ಬಗಳು ಎರಡಾದುದರಲ್ಲಿ ಕೇಡೇನೂ ಇಲ್ಲ. ಆದರೆ ಆ ಅಂತರದ ಹಿಂದಿರುವ ಮನಸ್ತಾಪವನ್ನು ಅರಿಯದೆ ಇಂದಿನ ತೆಲುಗು ಚರ್ಚೆಯ ಸಭ್ಯತೆಯನ್ನು ಕುರಿತು ಮಾತನಾಡಲಾಗದು.

ಏಕೆಂದರೆ ಸಭ್ಯತೆಯೆಂಬುದು ಎಲ್ಲ ಸೀಮೆಗಳಲ್ಲಿಯೂ ಒಂದೇ ಉಡುಪಿನಲ್ಲಿ ಬರುವುದಿಲ್ಲ. ಕರಾವಳಿಯ ತೆಲುಗರು ಹೆಸರಿನ ಮುಂದೆ ‘ಗಾರು’ ಸೇರಿಸಿ ‘ಮೀರು’ ಎಂದು ಬಹುವಚನದಲ್ಲಿ ಮಾತನಾಡಿಸುವುದನ್ನು ಮರ್ಯಾದೆಯೆಂದು ಎಣಿಸುತ್ತಾರೆ. ತೆಲಂಗಾಣದ ಹಳ್ಳಿಗರು ಹಿರಿಯರನ್ನೂ ‘ನುವ್ವು’ ಎಂದು ಕರೆಯುವುದುಂಟು. ಅದರಲ್ಲಿ ಸಲಿಗೆಯಿದೆ, ತಿರಸ್ಕಾರವಿಲ್ಲ. ಮೈಸೂರು ಸೀಮೆಯ ‘ತಾವು’ಗಳ ನಡುವೆ ಬೆಳೆದವನೊಬ್ಬ ಧಾರವಾಡದ ಕಡೆಯ ಅಕ್ಕರೆಯ ‘ನೀ’ ಕೇಳಿ ಮುಖ ಸಿಂಡರಿಸಿಕೊಂಡರೆ ತಪ್ಪು ಯಾರದು? ಎದುರಿಗೆ ಕುಳಿತಾಗ ದನಿ, ಮುಖಭಾವ, ಒಂದು ಲೋಟ ಕಾಫಿ ಆ ತಪ್ಪನ್ನು ತಿದ್ದುತ್ತವೆ. ಫೋನಿನ ಗಾಜಿನ ಮೇಲೆ ಅಕ್ಷರಗಳು ಮಾತ್ರ ಉಳಿಯುತ್ತವೆ. ಅಲ್ಲಿ ‘ನುವ್ವು’ ಎಂಬುದು ಬರಿಯ ‘ನುವ್ವು’. ಮೊದಲ ಮನಸ್ತಾಪ ಹುಟ್ಟುವುದು ಇಲ್ಲಿಯೇ. ಒಬ್ಬನು ತನ್ನ ಸೀಮೆಯ ಮಾತಿನಲ್ಲಿ ಬರೆಯುತ್ತಾನೆ. ಇನ್ನೊಬ್ಬನು ವಿಷಯವನ್ನು ಬಿಟ್ಟು ಕಾಗುಣಿತವನ್ನು ತಿದ್ದುತ್ತಾನೆ. ಮೂರನೆಯವನು ರಾಜ್ಯವಿಭಜನೆಯ ಗಾಯವನ್ನು ಕೆರೆಯುತ್ತಾನೆ. ಆ ಮೇಲೆ ಮೂಲವಿಷಯ ಏನಿತ್ತೆಂಬುದು ಯಾರಿಗೂ ನೆನಪಿರುವುದಿಲ್ಲ.

ಅಂತರ್ಜಾಲದ ಮೊದಲ ದಿನಗಳಲ್ಲಿ ಈ ತೊಡಕು ಇಷ್ಟಾಗಿ ಕಾಣಲಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿದ್ದ ತೆಲುಗರು ತಮ್ಮ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯಲು ಒಂದು ಕ್ರಮವನ್ನು ರೂಪಿಸಿಕೊಂಡರು. ಅದಕ್ಕೆ ರೈಸ್ ವಿಶ್ವವಿದ್ಯಾಲಯದ ಹೆಸರೇ ನಿಂತಿತು. 1998ರಲ್ಲಿ ‘ಈಮಾಟ’ ಎಂಬ ಅಂತರ್ಜಾಲ ಪತ್ರಿಕೆ ಹುಟ್ಟಿತು. ಸೇರುತ್ತಿದ್ದವರು ಕೆಲವರೇ; ಬಹುಪಾಲು ಒಂದೇ ಬಗೆಯ ಓದು, ಒಂದೇ ಬಗೆಯ ಉದ್ಯೋಗ. ಇಂದು ಬಾಗಿಲು ಎಲ್ಲರಿಗೂ ತೆರೆದಿದೆ. ಹೊಲದ ಬದುವಿನಲ್ಲಿ ನಿಂತ ರೈತ, ಆಟೋ ಓಡಿಸುವ ಯುವಕ, ಡಲ್ಲಾಸಿನ ಎಂಜಿನಿಯರು, ಕಾಲೇಜಿನ ಹುಡುಗಿ, ಎಲ್ಲರೂ ಒಂದೇ ರಚ್ಚೆಯಲ್ಲಿದ್ದಾರೆ. ಸಭೆ ದೊಡ್ಡದಾದುದೇ ಕೇಡೆಂದು ಕೊರಗುವವರಿದ್ದಾರೆ. ಅದು ಸರಿಯಲ್ಲ. ಬಳಕೆಯ ಭಾಷೆಗೆ ಬೆಲೆ ಬರಲೆಂದು ಗಿಡುಗು ಹೋರಾಡಿದ್ದು ಇಂಥ ಒಂದು ದಿನ ಬರಲೆಂದೇ ಅಲ್ಲವೆ? ಜನ ಹೆಚ್ಚಾದುದಕ್ಕೆ ತಕ್ಕಂತೆ ಸಭೆಯ ನಡವಳಿಕೆ ಬೆಳೆಯಲಿಲ್ಲ, ಕೊರತೆಯಿರುವುದು ಅಲ್ಲಿ.

ಅದು ಬೆಳೆಯದಿರುವುದಕ್ಕೆ ಕಾರಣಗಳೂ ಇವೆ. ಹಳೆಯ ಕಟ್ಟೆಯ ಬಂಡೆ ಊರಿನದಾಗಿತ್ತು. ಹೊಸ ಕಟ್ಟೆ ದೂರದೇಶದ ವ್ಯಾಪಾರಸಂಸ್ಥೆಗಳದು. ಜನ ಎಷ್ಟು ಹೊತ್ತು ಕುಳಿತರೆ ಅವುಗಳಿಗೆ ಅಷ್ಟು ಆದಾಯ. ಶಾಂತವಾದ ಮಾತಿಗೆ ನಿಲ್ಲದ ಜನ ಜಗಳಕ್ಕೆ ನಿಲ್ಲುತ್ತಾರೆ. ಹೆಚ್ಚು ಜನ ಮೈಮೇಲೆ ಬಿದ್ದು ಉತ್ತರಿಸುವ ಬರಹವನ್ನೇ ಯಂತ್ರವು ಇನ್ನೂ ಹೆಚ್ಚು ಜನರ ಕಣ್ಣಿಗೆ ಹಿಡಿಯುತ್ತದೆ. ಕೆಟ್ಟ ಮಾತನ್ನು ಸೋಸುವ ಯಂತ್ರವೋ ಇಂಗ್ಲಿಷಿನಲ್ಲಿ ಪಳಗಿದಷ್ಟು ತೆಲುಗಿನಲ್ಲಿ ಪಳಗಿಲ್ಲ. ಅದೇ ಬೈಗುಳವನ್ನು ರೋಮನ್ ಅಕ್ಷರದಲ್ಲಿ ನಾಲ್ಕು ಬಗೆಯಾಗಿ ಬರೆದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಗೆಳೆಯರ ನಡುವಿನ ಸಲಿಗೆಯ ಮಾತಿಗೂ ವೈರಿಯ ಹೀಯಾಳಿಕೆಗೂ ಇರುವ ಭೇದ ಅದಕ್ಕೆ ತಿಳಿಯದು.

ಇದರ ಮೇಲೆ ತೆಲುಗು ನಾಡಿನದೇ ಆದ ಇನ್ನೊಂದು ಸ್ಥಿತಿಯಿದೆ. 1982ರಲ್ಲಿ ಎನ್.ಟಿ. ರಾಮರಾಯರು ಪಕ್ಷ ಕಟ್ಟಿ ಮರುವರ್ಷದ ಜನವರಿಯಲ್ಲಿ ಮುಖ್ಯಮಂತ್ರಿಯಾದ ದಿನದಿಂದ ಅಲ್ಲಿ ಚಲನಚಿತ್ರವೂ ರಾಜಕಾರಣವೂ ಒಂದೇ ಕಾಲುವೆಯಲ್ಲಿ ಹರಿಯುತ್ತಿವೆ. ನಟನ ಅಭಿಮಾನ, ಪಕ್ಷದ ಅಭಿಮಾನ, ಜಾತಿಯ ಅಭಿಮಾನ ಒಂದಕ್ಕೊಂದು ಹೆಣೆದುಕೊಂಡಿವೆ. ಚಿತ್ರವೊಂದು ಚೆನ್ನಾಗಿಲ್ಲವೆಂಬ ಸಾಧಾರಣ ಅಭಿಪ್ರಾಯವೂ ಕುಲದ ಮೇಲಣ ದಾಳಿಯಂತೆ ಕೇಳಿಸುವುದು ಇದರಿಂದ. ಒಂದು ಶತಮಾನದ ಹಿಂದೆ ತಿರುಪತಿ ವೆಂಕಟಕವಿಗಳಿಗೂ ಕೊಪ್ಪರಪು ಕವಿಗಳಿಗೂ ನಡುವೆ ಅವಧಾನವಿದ್ಯೆಯಲ್ಲಿ ನಡೆದ ಸ್ಪರ್ಧೆಯಲ್ಲಿಯೂ ಕಹಿ ಸಾಕಷ್ಟು ಬೆರೆತಿತ್ತು. ಆದರೆ ಅವರ ಪಕ್ಷ ವಹಿಸುವವರು ಕಡೆಯಪಕ್ಷ ಪದ್ಯವನ್ನಾದರೂ ಬಲ್ಲವರಾಗಿರಬೇಕಾಗಿತ್ತು. ಇಂದು ಅಭಿಮಾನಕ್ಕೆ ಅಂಥ ಪರೀಕ್ಷೆಯಿಲ್ಲ, ಅಭಿಮಾನಿಗೆ ಹೆಸರೂ ಬೇಕಾಗಿಲ್ಲ.

ಹಾಗಾದರೆ ಬಾಯಿ ಮುಚ್ಚಿಸುವುದೇ ಮದ್ದೆ? ಸರ್ಕಾರಗಳಿಗೆ ಈ ಮದ್ದಿನ ಮೇಲೆ ಬಹಳ ಪ್ರೀತಿ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಕಿರುಕುಳ, ಮುಜುಗರ ಮೊದಲಾದ ಅಸ್ಪಷ್ಟ ಶಬ್ದಗಳನ್ನು ಹಿಡಿದು ಯಾರನ್ನು ಬೇಕಾದರೂ ಸೆರೆಗೆ ತಳ್ಳಲು ಆ ವಿಧಿಯಲ್ಲಿ ಎಡೆಯಿತ್ತು. ಅದು ಹೋದ ಮೇಲೂ, ಬೇರೆ ಬೇರೆ ಪಕ್ಷಗಳ ಆಳ್ವಿಕೆಯಲ್ಲಿ, ಎರಡು ತೆಲುಗು ರಾಜ್ಯಗಳಲ್ಲಿಯೂ ಬರಹಗಳ ಮೇಲೆ ಪೊಲೀಸ್ ಮೊಕದ್ದಮೆಗಳು ನಡೆದಿವೆ. ಕೊಲೆಬೆದರಿಕೆ ಹಾಕುವವನನ್ನೂ ಹೆಣ್ಣುಮಕ್ಕಳ ಚಿತ್ರವನ್ನು ವಿಕಾರಗೊಳಿಸಿ ಹರಡುವವನನ್ನೂ ಹಿಡಿಯಲು ಪೊಲೀಸರು ಬೇಕೇ ಬೇಕು. ಆದರೆ ಪೊಲೀಸನು ಸಭಾಧ್ಯಕ್ಷನಾಗಲಾರನು. ಆತನು ಬಂದ ಕಟ್ಟೆಯಿಂದ ಮೊದಲು ಎದ್ದುಹೋಗುವವರು ದುಷ್ಟರಲ್ಲ, ಅಂಜುಕುಳಿಗಳಾದ ಸಜ್ಜನರು.

ಇನ್ನೊಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ‘ಸಭ್ಯತೆಯ ಮಾತನ್ನು ಎತ್ತುವವರು ಯಾರು? ಹೊಟ್ಟೆ ತುಂಬಿದವರು. ನೊಂದವನು ನಯವಾಗಿ ನರಳಬೇಕೆಂದು ಹೇಳುವುದು ಯಾವ ನ್ಯಾಯ?’ ಈ ಪ್ರಶ್ನೆಗೆ ತೆಲುಗು ಸಾಹಿತ್ಯದಲ್ಲಿಯೇ ಬಲವಾದ ಆಧಾರಗಳುಂಟು. 1965ರಲ್ಲಿ ದಿಗಂಬರ ಕವಿಗಳು ತಮ್ಮ ಮೊದಲ ಸಂಪುಟವನ್ನು ಹೈದರಾಬಾದಿನಲ್ಲಿ ಒಬ್ಬ ರಿಕ್ಷಾ ಎಳೆಯುವವನ ಕೈಯಿಂದ ಬಿಡುಗಡೆ ಮಾಡಿಸಿದರು. ಶಿಷ್ಟರ ಕಿವಿ ಗಡಚಿಕ್ಕುವಂಥ ಭಾಷೆಯನ್ನು ಅವರು ಬೇಕೆಂದೇ ಬಳಸಿದರು. 1970ರಲ್ಲಿ ವಿಶಾಖಪಟ್ಟಣದಲ್ಲಿ ಶ್ರೀಶ್ರೀಯವರ ಅರವತ್ತರ ಸನ್ಮಾನ ನಡೆದಾಗ, ಲೇಖಕರು ಯಾರ ಪಕ್ಷದಲ್ಲಿದ್ದೀರಿ ಎಂದು ಕೇಳುವ ಕರಪತ್ರವೊಂದು ಸಭೆಯಲ್ಲಿ ಹರಿದಾಡಿತು. ಸನ್ಮಾನದ ಸೊಬಗು ಕೆಟ್ಟಿತು, ಆದರೆ ಕೆಲವೇ ತಿಂಗಳಲ್ಲಿ ವಿಪ್ಲವ ರಚಯಿತರ ಸಂಘ ಹುಟ್ಟಿತು. ಸ್ತ್ರೀವಾದಿ ಕವಿತೆಗಳನ್ನು ಅಶ್ಲೀಲವೆಂದು ಹಳಿದವರಿಗೆ 1993ರಲ್ಲಿ ‘ನೀಲಿ ಮೇಘಾಲು’ ಸಂಕಲನವೂ, ಕಾವ್ಯದ ಹಳೆಯ ಮಡಿವಂತಿಕೆಗೆ 1995ರಲ್ಲಿ ದಲಿತ ಕವಿಗಳ ‘ಚಿಕ್ಕನವುತುನ್ನ ಪಾಟ’ ಸಂಕಲನವೂ ಉತ್ತರವಾಗಿ ಬಂದುವು. ಇವರೆಲ್ಲರೂ ‘ಮೆಲ್ಲನೆ ಮಾತನಾಡಿ’ ಎಂಬ ಬುದ್ಧಿವಾದವನ್ನು ಕೇಳಿದ್ದರೆ ತೆಲುಗು ಸಾಹಿತ್ಯ ಬಡವಾಗುತ್ತಿತ್ತು.

ಈ ಆಕ್ಷೇಪದಲ್ಲಿ ಸತ್ಯವಿದೆ. ಆದುದರಿಂದಲೇ ಕಟುತ್ವವನ್ನೂ ಅಸಭ್ಯತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎರಡನ್ನೂ ಬೇರೆ ಮಾಡುವ ಒರೆಗಲ್ಲು ಯಾವುದು? ಮೇಲೆ ಹೇಳಿದ ನಿದರ್ಶನಗಳಲ್ಲಿ ಒಂದು ಸಾಮಾನ್ಯ ಲಕ್ಷಣ ಕಾಣುತ್ತದೆ. ಆ ಕರಪತ್ರ ಕಟುವಾಗಿತ್ತು. ಆದರೆ ಅದು ಪ್ರಶ್ನೆಯಾಗಿತ್ತು. ಉತ್ತರ ಹೇಳಲು ಅದು ಎದುರಾಳಿಯನ್ನು ಕರೆಯಿತು. ಹೆಣ್ಣೊಬ್ಬಳು ಬರೆದ ಮಾತಿಗೆ ಆಕೆಯ ಶೀಲವನ್ನು ಎತ್ತಿ ಆಡುವವನು ಉತ್ತರವನ್ನು ಬೇಡುವುದಿಲ್ಲ. ಆಕೆ ಎದ್ದುಹೋಗಲೆಂದು ಬಯಸುತ್ತಾನೆ. ಎದುರಾಳಿಗೆ ಉತ್ತರ ಕೊಡಲು ಜಾಗ ಬಿಟ್ಟ ಮಾತು ಎಷ್ಟೇ ಖಾರವಾಗಿದ್ದರೂ ಚರ್ಚೆಯೊಳಗಿನದು. ಎದುರಾಳಿಯನ್ನು ಸಭೆಯಿಂದ ಅಟ್ಟಲೆಂದೇ ಹುಟ್ಟಿದ ಮಾತು ಎಷ್ಟೇ ನಯವಾಗಿದ್ದರೂ ಹೊರಗಿನದು. ಈ ಒರೆಗಲ್ಲನ್ನು ಹಿಡಿದರೆ ‘ಗಾರು’ ಸೇರಿಸಿ ಅವಮಾನಿಸುವವನೂ ಸಿಕ್ಕಿಬೀಳುತ್ತಾನೆ, ‘ನುವ್ವು’ ಎಂದು ಪ್ರಾಮಾಣಿಕವಾಗಿ ಕೇಳುವವನೂ ಉಳಿದುಕೊಳ್ಳುತ್ತಾನೆ.

ಜೀವಂತಿಕೆ ಮತ್ತು ಶಿಸ್ತು ಎರಡನ್ನೂ ಒಂದೇ ವೇದಿಕೆಯಲ್ಲಿ ಕೂರಿಸುವ ವಿದ್ಯೆ ತೆಲುಗರಿಗೆ ಹೊಸದಲ್ಲ. ಅಷ್ಟಾವಧಾನವನ್ನು ನೋಡಿ. ಶತಾವಧಾನಿ ಗಣೇಶರ ದೆಸೆಯಿಂದ ಈ ಕಲೆ ಕನ್ನಡಿಗರಿಗೂ ಚೆನ್ನಾಗಿ ಪರಿಚಯವಾಗಿದೆ. ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಸುತ್ತುಗಟ್ಟುತ್ತಾರೆ. ಒಬ್ಬನು ಅಕ್ಷರಗಳನ್ನು ನಿಷೇಧಿಸುತ್ತಾನೆ, ಒಬ್ಬನು ಸಮಸ್ಯೆ ಒಡ್ಡುತ್ತಾನೆ, ಒಬ್ಬನು ಪದಗಳನ್ನು ಕೊಟ್ಟು ಪದ್ಯ ಕೇಳುತ್ತಾನೆ. ಅವರಲ್ಲಿ ಒಬ್ಬನ ಕೆಲಸ ಅಪ್ರಸ್ತುತ ಪ್ರಸಂಗ. ಅವಧಾನಿಯ ಏಕಾಗ್ರತೆಯನ್ನು ಕೆಡಿಸಲು ಸಂಬಂಧವಿಲ್ಲದ ಪ್ರಶ್ನೆಗಳನ್ನು ಕೇಳುವುದೇ ಅವನ ಧರ್ಮ. ಸಭೆಯ ನಗು ಬಹುಮಟ್ಟಿಗೆ ಅವನಿಂದಲೇ ಏಳುತ್ತದೆ. ಅವನಿಲ್ಲದಿದ್ದರೆ ಅವಧಾನ ಪರೀಕ್ಷೆಯ ಕೋಣೆಯಂತೆ ಬಿಗಿದುಕೊಳ್ಳುತ್ತಿತ್ತು. ಆದರೆ ಎಂಟರಲ್ಲಿ ಅವನು ಒಬ್ಬನೇ! ಎಂಟು ಮಂದಿಯೂ ಅಪ್ರಸ್ತುತವನ್ನೇ ಹಿಡಿದರೆ ಅಲ್ಲಿ ಪದ್ಯ ಹುಟ್ಟದು. ಅವನಿಗೂ ಒಂದು ಪೀಠವಿದೆ, ಹೆಸರಿದೆ, ಅಧ್ಯಕ್ಷರ ಕಣ್ಣು ಅವನ ಮೇಲಿದೆ. ಕುಚೇಷ್ಟೆಯನ್ನು ನಿಷೇಧಿಸದೆ ಅದಕ್ಕೆ ಆಸನ ಕೊಟ್ಟು ಪಳಗಿಸಿದ ಈ ಏರ್ಪಾಡು ಹಿರಿಯರ ಲೋಕಜ್ಞಾನಕ್ಕೆ ಸಾಕ್ಷಿ.

ಅಂತರ್ಜಾಲದ ರಚ್ಚಬಂಡಗಳನ್ನು ನಡೆಸುವವರಿಗೆ ಇಲ್ಲಿಂದ ಹಲವು ಪಾಠಗಳು ದೊರೆಯುತ್ತವೆ. ನಿಯಮಗಳು ಕೆಲವೇ ಇರಲಿ. ಒಳಗೆ ಬರುವ ಮೊದಲೇ ಎಲ್ಲರಿಗೂ ತಿಳಿದಿರಲಿ. ಮಿತ್ರನಿಗೂ ಶತ್ರುವಿಗೂ ಒಂದೇ ಆಗಿರಲಿ. ಅಧ್ಯಕ್ಷಸ್ಥಾನದಲ್ಲಿ ಕುಳಿತವನು ಆ ಹೊತ್ತಿನ ವಾದದಲ್ಲಿ ತಾನೇ ಒಂದು ಪಕ್ಷವಾಗಕೂಡದು. ಒಬ್ಬರನ್ನು ಹೊರಗಿಟ್ಟರೆ ಕಾರಣವನ್ನು ಎಲ್ಲರೆದುರು ಹೇಳಬೇಕು; ಕಾರಣ ಹೇಳದ ದಂಡನೆಯಿಂದ ಗುಂಪುಗಾರಿಕೆಯ ಸಂಶಯ ಹುಟ್ಟುತ್ತದೆ. ಕರಾವಳಿಯವನು ಒಬ್ಬ, ತೆಲಂಗಾಣದವಳು ಒಬ್ಬಳು, ರಾಯಲಸೀಮೆಯವರು ಒಬ್ಬರು, ಹೀಗೆ ಸರದಿಯಲ್ಲಿ ಆ ಪೀಠ ಏರಿದರೆ ಯಾರ ಮಾತು ಸಲಿಗೆ, ಯಾರ ಮಾತು ಬೈಗುಳ ಎಂಬುದು ಯಂತ್ರಕ್ಕಿಂತ ಬೇಗ ತಿಳಿಯುತ್ತದೆ. ಹಾಸ್ಯಕ್ಕೂ ಹರಟೆಗೂ ಒಂದು ಮೂಲೆಯನ್ನು ಬಿಟ್ಟುಕೊಡಬೇಕು. ಬಹುಮತಕ್ಕೆ ಒಪ್ಪಿಗೆಯಾಗದ ಮಾತನ್ನು ಅಳಿಸದೆ, ಗುರಜಾಡರ ಅಸಮ್ಮತಿಪತ್ರದಂತೆ, ಕಡತದಲ್ಲಿ ಉಳಿಸಬೇಕು.

ಇಷ್ಟು ಮಾಡಿದರೆ ಸಭ್ಯತೆ ದಕ್ಕಬಹುದು, ಜೀವಂತಿಕೆ ದಕ್ಕುವುದೆ? ಶಿಸ್ತು ಹೆಚ್ಚಿ ಸತ್ತುಹೋದ ಸಂಘಗಳು ನಮ್ಮಲ್ಲಿಯೂ ಕಡಮೆಯಿಲ್ಲ. ಅಧ್ಯಕ್ಷರು, ಕಾರ್ಯದರ್ಶಿಗಳು, ನಿಬಂಧನೆಗಳು ಎಲ್ಲವೂ ಇವೆ. ಕುರ್ಚಿಗಳ ಮೇಲೆ ಜನರಿಲ್ಲ. ಅವಧಾನದ ಸಭೆ ತುಂಬುವುದು ನಿಯಮದಿಂದಲ್ಲ, ಸಮಸ್ಯೆಯಿಂದ. ಬಿಡಿಸಲಾಗದಂತೆ ತೋರುವ ಒಂದು ಸಾಲನ್ನು ಎಲ್ಲರೆದುರು ಇಟ್ಟಾಗ, ಇದನ್ನು ಹೇಗೆ ತುಂಬುವರೋ ಎಂಬ ಕಾತರ ಹುಟ್ಟುತ್ತದೆ. ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿದರೆ ಬರುವುದು ಅಭಿಪ್ರಾಯಗಳ ಸಂತೆ. ನಿಮ್ಮ ಊರಿನಲ್ಲಿ ಈ ಪದಾರ್ಥಕ್ಕೆ ಏನೆನ್ನುತ್ತಾರೆ, ಈ ಕಥೆಯ ಕೊನೆ ಹೀಗೇಕಾಯಿತು, ಈ ಶಾಸನದ ಸವೆದ ಅಕ್ಷರ ಯಾವುದು ಎಂದು ಕೇಳಿ ನೋಡಿ: ಬಳ್ಳಾರಿಯ ತೆಲುಗನಿಗೂ ಶ್ರೀಕಾಕುಳದವನಿಗೂ ಒಡನೆಯೇ ಮಾತು ಬರುತ್ತದೆ. ಆಗ ಸೀಮೆಯ ಭೇದ ಜಗಳದ ವಸ್ತುವಾಗದೆ ಜ್ಞಾನದ ಬಂಡವಾಳವಾಗುತ್ತದೆ. ಹೊಸ ಅತಿಥಿಯ ಮೊದಲ ಮಾತಿಗೆ ಹಳಬರಲ್ಲಿ ಒಬ್ಬರಾದರೂ ಉತ್ತರಿಸಬೇಕು. ಉತ್ತರವಿಲ್ಲದ ಮೊದಲ ಮಾತು ಬಹುಸಲ ಕೊನೆಯ ಮಾತೂ ಆಗಿಬಿಡುತ್ತದೆ. ಬೈಗುಳದಷ್ಟೇ ಮೌನವೂ ಸಭೆಗಳನ್ನು ಬರಿದು ಮಾಡುತ್ತದೆ.

ಇದೆಲ್ಲವೂ ತೆಲುಗರಿಗೆ ಹೇಳಿದ ಬುದ್ಧಿವಾದವೆಂದು ನಾವು ಹೊರಗೆ ನಿಂತು ನೋಡುವ ಹಾಗಿಲ್ಲ. ನೋರು ಮಂಚಿದೈತೇ ಊರು ಮಂಚಿದಿ, ಬಾಯಿ ಒಳ್ಳೆಯದಾದರೆ ಊರು ಒಳ್ಳೆಯದು, ಎಂಬ ಅವರ ಗಾದೆ ನಮ್ಮದೂ ಹೌದು. ಅವರದೇ ಇನ್ನೊಂದು ಗಾದೆಯುಂಟು: ಇಂಟ ಗೆಲಿಚಿ ರಚ್ಚ ಗೆಲುವು. ನಮ್ಮ ‘ಮನೆ ಗೆದ್ದು ಮಾರು ಗೆಲ್ಲು’ ಅದರ ಅವಳಿ. ಮನೆಯೊಂದು ಕಡೆ, ರಚ್ಚೆ ಇನ್ನೊಂದು ಕಡೆ ಇದ್ದ ಕಾಲದ ಮಾತು ಅದು. ನಡುವೆ ಒಂದು ಹೊಸ್ತಿಲಿತ್ತು, ಹೊರಡುವ ಮೊದಲು ಹೆಗಲ ಮೇಲೆ ಒಂದು ಉತ್ತರೀಯ ಹಾಕಿಕೊಳ್ಳುವ ಪದ್ಧತಿಯಿತ್ತು. ಈಗ ರಚ್ಚೆ ಮನೆಯೊಳಗೇ, ಹಾಸಿಗೆಯ ಬಳಿಯೇ ಬಂದು ಕುಳಿತಿದೆ. ಹೊಸ್ತಿಲು ದಾಟದೆಯೇ ನಾವು ಲಕ್ಷ ಜನರ ನಡುವೆ ಇರುತ್ತೇವೆ, ಮನೆಯಲ್ಲಿದ್ದೇವೆಂಬ ಸಡಿಲಿನಲ್ಲಿ ಬಾಯಿ ಬಿಡುತ್ತೇವೆ. ಹೊಸ್ತಿಲನ್ನು ಮತ್ತೆ ಕಟ್ಟುವ ಕೆಲಸ ಯಂತ್ರದಿಂದ ಆಗದು, ಕಾಯಿದೆಯಿಂದ ಪೂರ್ತಿಯಾಗಿ ಆಗದು. ಬರೆದದ್ದನ್ನು ಕಳುಹಿಸುವ ಮುನ್ನ, ಇದಕ್ಕೆ ಎದುರಾಳಿ ಉತ್ತರ ಕೊಡಬಲ್ಲನೆ ಎಂದು ಒಂದು ಗಳಿಗೆ ಯೋಚಿಸಿದರೆ, ಅಷ್ಟೇ ಅಗಲದ ಒಂದು ಹೊಸ್ತಿಲು ಎದ್ದು ನಿಲ್ಲುತ್ತದೆ. ತರಗತಿಯಲ್ಲಿ ವ್ಯಾಕರಣ ಕಲಿಸುವ ನಾವು ಇದನ್ನೂ ಒಂದು ಪಾಠವಾಗಿ ಕಲಿಸಬಹುದು. ಮಕ್ಕಳು ಯಾವ ಭಾಷೆಯಲ್ಲಿ ಜಗಳವಾಡಿದರೂ ಪಾಠ ಒಂದೇ.